ಕಂಬಕ್ಕೆ ಹೇಳುವುದು, ಕಂಪ್ಯೂಟರಿಗೆ ಹೇಳುವುದು

ಮೈಕು ಅಂದರೆ ನನಗೆ ಗೊತ್ತಿದ್ದದ್ದು ಎರಡೇ ಬಗೆ. ಒಂದು, ಮಾರಮ್ಮನ ಗುಡಿಯ ನೆತ್ತಿಗೆ ಕಟ್ಟಿರುವುದು. ಇನ್ನೊಂದು, ಎಲೆಕ್ಷನ್ ಬಂತೆಂದರೆ ಆಟೋ ಮೇಲೆ ಕೂತು ಬೀದಿ ಸುತ್ತುವುದು. ಎರಡಕ್ಕೂ ಊರಿಗೆಲ್ಲ ಕೇಳಿಸುವುದೇ ಕೆಲಸ. ಈಗ ನನ್ನ ಮೇಜಿನ ಮೇಲೆ ಮೂರನೆಯದೊಂದು ಬಂದು ಕೂತಿದೆ ನೋಡಿ. ಹೆಬ್ಬೆರಳಿನಷ್ಟು ಗಾತ್ರ, ಬಗ್ಗಿಸಿದ ಕಡೆ ಬಗ್ಗುವ ಕಡ್ಡಿ, ಅದರ ತುದಿಗೆ ಕಪ್ಪು ಸ್ಪಂಜಿನ ಟೋಪಿ. ಅದಕ್ಕೆ ಊರಿನ ಗೊಡವೆ ಇಲ್ಲ. ನಾನೊಬ್ಬಳು ಬಾಯಿ ಬಿಟ್ಟರೆ ಸಾಕು. ಆ ಬಾಯಿ ಬಿಡುವುದಿದೆಯಲ್ಲ, ಅದೇ ಕಷ್ಟಕ್ಕೆ ಬಂದದ್ದು.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಪಾಂಡವಪುರದ ನಮ್ಮ ಮನೆಯ ಹಜಾರದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಮಾಡುತ್ತೇನೆ. ಬಸ್ ಸ್ಟ್ಯಾಂಡಿನ ಹತ್ತಿರ ಶಬಾನಾ ಅನ್ನುವ ಹುಡುಗಿಯ ಪ್ರಿಂಟಿಂಗ್ ಅಂಗಡಿ ಇದೆ. ಗಿರಾಕಿಗಳು ಅವಳಿಗೆ ವಿವರ ಕೊಡುತ್ತಾರೆ, ಅವಳು ಅದನ್ನು ವಾಟ್ಸಾಪಿನಲ್ಲಿ ನನಗೆ ಕಳಿಸುತ್ತಾಳೆ, ನಾನು ಅಕ್ಷರ ಕೂರಿಸಿ, ಗಣಪತಿಯನ್ನು ಮೇಲಿಟ್ಟು, ಸುತ್ತ ಬಳ್ಳಿಯ ಅಂಚು ಕಟ್ಟಿ ವಾಪಸ್ ಕಳಿಸುತ್ತೇನೆ. ಹುಡುಗಿ ಅಂದೆ. ಅವಳಿಗೂ ಈಗ ಕಿವಿಯ ಹತ್ತಿರ ಕೂದಲು ನರೆತಿದೆ. ಆದರೆ ಅಪ್ಪನ ಅಂಗಡಿಗೆ ಮೊದಲ ದಿನ ಬಂದು ಕೂತವಳನ್ನು ನೋಡಿದ್ದೇನಲ್ಲ, ನನಗೆ ಅವಳು ಹುಡುಗಿಯೇ.

ಲಗ್ನಪತ್ರಿಕೆ ತಾನೇ ಅಂತ ಸಸಾರ ಮಾಡಬೇಡಿ. ಮೇಲುಕೋಟೆಯ ಕಡೆಯದಾದರೆ ಮೇಲೆ ಶ್ಲೋಕ ಬೇಕು, ಅದರಲ್ಲಿ ಒಂದು ವಿಸರ್ಗ ಬಿದ್ದುಹೋದರೆ ಫೋನಿನಲ್ಲೇ ಪಾಠ ಶುರು. ನಾಗಮಂಗಲದ ಕಡೆಯದಾದರೆ ಧಾರೆ ಮುಹೂರ್ತ ಎಷ್ಟು ಚಿಕ್ಕದಾಗಿದ್ದರೂ ನಡೆಯುತ್ತದೆ, ಬೀಗರ ಔತಣ ಮಾತ್ರ ದಪ್ಪಕ್ಷರದಲ್ಲಿ ಇರಬೇಕು. ಎಲ್ಲಕ್ಕಿಂತ ದೊಡ್ಡ ತಲೆನೋವು ‘ಸುಖಾಗಮನ ಬಯಸುವವರು’ ಅನ್ನುವ ಜಾಗ. ನಾಗಮಂಗಲದ ಒಂದು ಮನೆಯಲ್ಲಿ ತಮ್ಮ ಪಂಚಾಯಿತಿ ಮೆಂಬರು, ಅಣ್ಣ ಮನೆಗೆ ಹಿರಿಯ. ಯಾರ ಹೆಸರು ಮೇಲೆ? ಬೆಳಿಗ್ಗೆ ಅಣ್ಣನ ಫೋನು, ಸಂಜೆ ತಮ್ಮನ ಫೋನು. ಕಾರ್ಡು ನನ್ನ ಮನೆಗೂ ಶಬಾನಾ ಅಂಗಡಿಗೂ ಅಲೆದು ಅಲೆದು ಸುಸ್ತಾಯಿತು. ಕೊನೆಗೆ ನಾನು ರೇಗಿಹೋಗಿ ಹೆಸರುಗಳನ್ನೆಲ್ಲ ಹೂವಿನ ಹಾರದ ಹಾಗೆ ದುಂಡಗೆ ಸುತ್ತಿಸಿಬಿಟ್ಟೆ. ಎಲ್ಲಿ ಶುರು, ಎಲ್ಲಿ ಕೊನೆ, ನೀವೇ ಹುಡುಕಿಕೊಳ್ಳಿ ಅಂತ. ಇಬ್ಬರೂ ಖುಷಿಯಾದರು. ಆಮೇಲೆ ಆ ಕಡೆಯವರೆಲ್ಲ ‘ನಮಗೂ ದುಂಡುಗೆ ಮಾಡಿಕೊಡಿ’ ಅಂತ ಬರತೊಡಗಿದರು.

ಅಂಥ ಕೈ ನನ್ನದು. ಅದು ಕಳೆದ ಮಳೆಗಾಲದಿಂದ ಮುಷ್ಕರ ಹೂಡಿತು. ಸಂಧಿವಾತ ಅಂದರು ಡಾಕ್ಟರು. ಬೆರಳಿನ ಗಿಣ್ಣುಗಳು ಊದಿ ಹಸಿಶುಂಠಿಯ ಹಾಗಾದವು. ಕುಕ್ಕರಿನ ಮುಚ್ಚಳ, ಸೀರೆಯ ಪಿನ್ನು, ಹಾಲಿನ ಪಾಕೀಟು, ಒಂದೊಂದೇ ನನ್ನ ಕೈ ಬಿಟ್ಟು ಬೇರೆಯವರ ಕೈಗೆ ಹೋದವು. ಅದಕ್ಕೆಲ್ಲ ಅಷ್ಟೇನೂ ಬೇಜಾರಾಗಲಿಲ್ಲ. ಮೌಸು ಹಿಡಿಯಲಾಗದೆ ಹೋದ ದಿನ ಮಾತ್ರ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಈ ಮನೆಯಲ್ಲಿ ನಾನು ಸೊಸೆ, ಹೆಂಡತಿ, ಅಮ್ಮ ಎಲ್ಲ ಆಗಿದ್ದೇನೆ. ಪದ್ಮ ಆಗಿರುವುದು ಆ ಮೇಜಿನ ಮುಂದೆ ಕೂತಾಗ ಮಾತ್ರ. ಅದೂ ಹೋದರೆ ಉಳಿಯುವುದೇನು ಹೇಳಿ?

ನನ್ನ ಕೈ ನೋಡಿ ಶಬಾನಾ ಒಂದು ಭಾನುವಾರ ಆ ಮೈಕು ಹಿಡಿದುಕೊಂಡು ಮನೆಗೇ ಬಂದಳು. “ಕೈ ಯಾಕೆ ಬೇಕು ಅಕ್ಕಾ? ಬಾಯಲ್ಲಿ ಹೇಳಿ, ಅದೇ ಮಾಡ್ತದೆ,” ಅಂದಳು. ಕಂಪ್ಯೂಟರಿನಲ್ಲಿ ಏನೇನೋ ಒತ್ತಿ, ಮೈಕಿನ ಮುಂದೆ ಬಗ್ಗಿ “ಕ್ಲಿಕ್ ಫೈಲ್” ಅಂದಳು. ಫೈಲಿನ ಮೆನು ತಾನಾಗಿ ಕೆಳಗಿಳಿಯಿತು. “ಮಿನಿಮೈಜ್” ಅಂದಳು, ಕಿಟಕಿ ಮಡಚಿಕೊಂಡು ಕೆಳಗೆ ಹೋಗಿ ಕೂತಿತು. “ಶೋ ನಂಬರ್ಸ್” ಅಂದಳು ನೋಡಿ, ಪರದೆಯ ಮೇಲೆ ಎಲ್ಲೆಲ್ಲಿ ಒತ್ತುವ ಗುಂಡಿ ಇದೆಯೋ ಅಲ್ಲೆಲ್ಲ ಒಂದೊಂದು ನಂಬರು ಎದ್ದಿತು, ಅಮ್ಮನ ಗುಳ್ಳೆ ಎದ್ದ ಮೈಯ ಹಾಗೆ. ಬೇಕಾದ ನಂಬರು ಕೂಗಿದರೆ ಆ ಗುಂಡಿ ಒತ್ತಿದಂತೆ. ಅಕ್ಷರ ಹಾಕುವುದಕ್ಕೆ ಕನ್ನಡದಲ್ಲೇ ಹೇಳಬಹುದಂತೆ, ಕಿಟಕಿ ತೆಗೆಯುವುದಕ್ಕೆ ಮುಚ್ಚುವುದಕ್ಕೆ ಮಾತ್ರ ಇಂಗ್ಲಿಷಿನ ನಾಲ್ಕು ಮಾತು ಕಲಿಯಬೇಕು.

“ಈಗ ನೀವು ಹೇಳಿ ಅಕ್ಕಾ.”

ನಾನು ಸೆರಗು ಸರಿಮಾಡಿಕೊಂಡೆ. ಹಜಾರದ ಆ ತುದಿಯ ದಿವಾನದ ಮೇಲೆ ನಮ್ಮತ್ತೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಬಾಗಿಲಲ್ಲಿ ನಮ್ಮ ಯಜಮಾನರು ಪೇಪರು ಓದುತ್ತಿದ್ದರು. ನಾನು ಫ್ಯಾನಿನ ಕಡೆ ನೋಡುತ್ತಾ, “ಆ ಫೈಲು ವಸಿ ತೆಗ್ದಿದ್ರೆ ಚೆನ್ನಾಗಿತ್ತು,” ಅಂದೆ.

ಶಬಾನಾ ನನ್ನ ಮುಖ ನೋಡಿದಳು. “ಯಾರಿಗೆ ಹೇಳಿದ್ರಿ ಅಕ್ಕಾ?”

“ಅದಕ್ಕೇ.”

“ಅರೆ, ಅದರ ಕಡೆ ನೋಡ್ತಾನೂ ಇಲ್ವಲ್ಲ ನೀವು! ಫ್ಯಾನು ಬಂದು ಫೈಲ್ ತೆಗೀತದಾ?”

ಅವಳು ಬಿದ್ದು ಬಿದ್ದು ನಕ್ಕಳು. ನನಗೂ ನಗು ಬಂತು. ಆದರೆ ಅದು ತಮಾಷೆಯ ಮಾತಾಗಿರಲಿಲ್ಲ. ನನಗೆ ಹೇಳಲು ಬರುತ್ತಿದ್ದದ್ದೇ ಹಾಗೆ.

ಯಜಮಾನರು ಪಾಂಡವಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟು ನಾವೆಲ್ಲ ಇಲ್ಲಿಗೆ ಬಂದದ್ದು ಆಮೇಲೆ, ನಾನು ಸೊಸೆಯಾಗಿ ಕಾಲಿಟ್ಟದ್ದು ಸಿಂಧಘಟ್ಟದ ಮನೆಗೆ. ಆ ಮನೆಯಲ್ಲಿ ಸೊಸೆಯಾದವಳು ದೊಡ್ಡವರಿಗೆ, ಗಂಡನಿಗೆ, ‘ಮಾಡಿ’ ‘ಕೊಡಿ’ ‘ಬನ್ನಿ’ ಅನ್ನುವ ಹಾಗಿರಲಿಲ್ಲ. ಹಾಗಂತ ಯಾರೂ ಬೋರ್ಡು ಬರೆದು ಹಾಕಿರಲಿಲ್ಲ. ಬಂದ ವಾರದಲ್ಲೇ ತಾನಾಗಿ ಗೊತ್ತಾಗುತ್ತಿತ್ತು. ಹೇಳಬೇಕಾದ್ದನ್ನು ಕಂಬಕ್ಕೆ ಹೇಳಬೇಕು, ಕರುವಿಗೆ ಹೇಳಬೇಕು, ಕಾಲು ಸುತ್ತುವ ಬೆಕ್ಕಿಗೆ ಹೇಳಬೇಕು. ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳುತ್ತಾರೆ. ಮಾವನ ಸ್ನಾನಕ್ಕೆ ನೀರು ಕಾದರೆ ನಾನು ಕೊಟ್ಟಿಗೆಯ ಬಾಗಿಲಿಗೆ ಹೋಗಿ ಕರುವಿನ ಬೆನ್ನು ಸವರಿ, “ಅಂಡೆ ನೀರು ಆರೋಯ್ತದೆ ಕಣೋ ಕೆಂದ,” ಅನ್ನುತ್ತಿದ್ದೆ. ಜಗಲಿಯಲ್ಲಿ ಮಾವ ಕೆಮ್ಮಿ ಎದ್ದು ಟವೆಲ್ಲು ಹುಡುಕುತ್ತಿದ್ದರು. ಸಕ್ಕರೆ ಮುಗಿದರೆ ಡಬ್ಬಕ್ಕೆ ಚಮಚದಿಂದ ಎರಡು ಸಲ ಬಡಿದರೆ ಆಯಿತು. ಸಂಜೆಗೆ ಸಕ್ಕರೆ ಬರುತ್ತಿತ್ತು.

ದನಿಯೂ ಅಷ್ಟೇ. ಸೊಸೆಯ ದನಿ ಅಡುಗೆಮನೆಯ ಹೊಸಲು ದಾಟಬಾರದು. ದಾಟಿದರೆ ಯಾರೂ ಬೈಯುತ್ತಿರಲಿಲ್ಲ, ಹಜಾರದಲ್ಲಿ ಕೂತವರೆಲ್ಲ ಒಂದು ಕ್ಷಣ ಸುಮ್ಮನಾಗುತ್ತಿದ್ದರು. ಆ ಸುಮ್ಮನಾಗುವುದು ಬೈಗುಳಕ್ಕಿಂತ ಕಷ್ಟ.

ನಮ್ಮ ಯಜಮಾನರಂತೂ ಈ ವಿದ್ಯೆಯಲ್ಲಿ ಪಂಡಿತರು. ನನಗೆ ತೌರಿಗೆ ಹೋಗಬೇಕು ಅನ್ನಿಸಿದರೆ ಕ್ಯಾಲೆಂಡರಿನ ಮುಂದೆ ನಿಂತು, “ಶ್ರೀರಂಗಪಟ್ಟಣದಲ್ಲಿ ಈಗ ಹೊಳೆ ತುಂಬಿರ್ಬೇಕು,” ಅನ್ನುತ್ತಿದ್ದೆ. ಅವರು ತಮ್ಮ ಪಾಡಿಗೆ ಮುದ್ದೆ ಮುರಿಯುತ್ತಿದ್ದರು. ಬೆಳಿಗ್ಗೆ ಎದ್ದಾಗ, “ಭಾನುವಾರ ಬಸ್ಸತ್ತುಸ್ತೀನಿ, ಬಟ್ಟೆ ಮಡಿಕ್ಕೋ,” ಅನ್ನುವರು. ಒಳಗೊಳಗೇ ಎಷ್ಟು ಹೆಮ್ಮೆ ನನಗೆ! ಗೆಳತಿಯರ ಗಂಡಂದಿರಿಗೆ ಬಾಯಿಬಿಟ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ, ನನ್ನವರಿಗೆ ನಿಟ್ಟುಸಿರು ಬಿಟ್ಟರೆ ಸಾಕು. ನಮ್ಮಿಬ್ಬರ ಮಧ್ಯೆ ಮಾತೇ ಬೇಕಾಗಿಲ್ಲ ಅಂತ ಅದೆಷ್ಟೋ ಜನರ ಹತ್ತಿರ ಕೊಚ್ಚಿಕೊಂಡಿದ್ದೇನೆ.

ಹಾಗಂತ ನಾನು ಹುಟ್ಟಿನಿಂದ ಮೆಲುದನಿಯವಳೇನಲ್ಲ. ನಮ್ಮಪ್ಪ ಪ್ರೈವೇಟ್ ಬಸ್ಸಿನ ಕಂಡಕ್ಟರು. ಕೆ.ಆರ್. ಪೇಟೆಯಿಂದ ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದುಹೋಗುವ ಬಸ್ಸು. ಅಷ್ಟು ದೊಡ್ಡ ಗಾಡಿ ಅಪ್ಪನ ಬಾಯಿಮಾತಿಗೆ ಓಡುತ್ತಿತ್ತು. ‘ರೈಟ್’ ಅಂದರೆ ಹೊರಟಿತು, ‘ಓಲ್ಡಾನ್’ ಅಂದರೆ ನಿಂತಿತು. ಸ್ಟ್ಯಾಂಡಿನಲ್ಲಿ ಹಿಂದಕ್ಕೆ ತೆಗೆಯುವಾಗ ಅಪ್ಪ ಬಸ್ಸಿನ ಬೆನ್ನಿಗೆ ತಟ್ಟುತ್ತಾ ‘ಬರ್ಲಿ, ಬರ್ಲಿ, ಬರ್ಲಿ’ ಅನ್ನುತ್ತಿದ್ದರೆ, ಹಿಂದೆ ಏನೂ ಕಾಣದ ಡ್ರೈವರು ಆ ದನಿಯೊಂದನ್ನೇ ನಂಬಿಕೊಂಡು ಬರುತ್ತಿದ್ದ. ಮಾಕವಳ್ಳಿಯ ಕಾರ್ಖಾನೆಗೆ ಹೋಗುವ ಕಬ್ಬಿನ ಲಾರಿಗಳು ಎದುರಾದರೆ ಅಪ್ಪ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿ ದಾರಿ ಬಿಡಿಸುತ್ತಿದ್ದರು. ರಜೆಯಲ್ಲಿ ನನ್ನನ್ನೂ ಕರೆದುಕೊಂಡು ಹೋಗುವರು. ಒಂದು ಸಲ, “ಅನ್ನು ಮಗಾ, ನೀನೇ ಅನ್ನು,” ಅಂದರು. ನಾನು ಫುಟ್‌ಬೋರ್ಡಿನ ಮೇಲೆ ನಿಂತು ‘ರೈಟ್!’ ಅಂದೆ. ಬಸ್ಸು ಹೊರಟುಬಿಟ್ಟಿತು! ಇಡೀ ಬಸ್ಸು, ಅದರೊಳಗಿನ ಜನ, ಮೇಲಿದ್ದ ಬಾಳೆಗೊನೆ, ಕೋಳಿ ಬುಟ್ಟಿ ಎಲ್ಲ, ಲಂಗ ಹಾಕಿಕೊಂಡ ಒಬ್ಬ ಹುಡುಗಿಯ ಮಾತಿಗೆ. ಆ ಖುಷಿ ನನಗೆ ಆಮೇಲೆ ಯಾವುದರಲ್ಲೂ ಸಿಕ್ಕಿಲ್ಲ.

ಅದೇ ಅಪ್ಪ ನನ್ನನ್ನು ಧಾರೆ ಎರೆದುಕೊಟ್ಟ ಮೇಲೆ ಚಪ್ಪರದ ಮರೆಗೆ ಕರೆದು, “ದೊಡ್ಡ ಮನೆ ಕಣವ್ವ, ಗಂಟಲು ವಸಿ ತಗ್ಗಿಸ್ಕಂಡಿರು,” ಅಂದರು. ನಾನು ತಗ್ಗಿಸಿಕೊಂಡೆ. ಎಷ್ಟು ಚೆನ್ನಾಗಿ ತಗ್ಗಿಸಿಕೊಂಡೆ ಅಂದರೆ, ಈಗ ಮೈಕಿನ ಮುಂದೆ ಕೂತರೆ ಪರದೆಯ ಮೂಲೆಯಲ್ಲಿ ದನಿ ತೋರಿಸುವ ಗೆರೆ ಮಿಸುಕಾಡುವುದಿಲ್ಲ. ಶಬಾನಾ, “ಜೋರಾಗಿ ಅಕ್ಕಾ,” ಅನ್ನುವಳು. ನಾನು ಜೋರಾಗಿ ಅಂದೆ ಅಂದುಕೊಳ್ಳುತ್ತಿದ್ದೆ. ಗೆರೆ ಮಲಗಿಯೇ ಇರುತ್ತಿತ್ತು. ಮಿಷನ್ನಿಗೇ ಆಗಲಿ, ಅತ್ತೆ ಎದುರಿಗೆ, ಗಂಡನ ಎದುರಿಗೆ, ‘ತೆಗಿ’ ‘ಮುಚ್ಚು’ ‘ಏಳು’ ‘ಮಲಕ್ಕೋ’ ಅಂತ ಅಪ್ಪಣೆ ಕೊಡುವುದು ಹೇಗೆ? ಮೈಯೆಲ್ಲ ಹಿಡಿಯಷ್ಟಾಗುತ್ತಿತ್ತು.

ಅಂಥ ಹೊತ್ತಿನಲ್ಲಿ ನನ್ನ ಮರ್ಯಾದೆ ಉಳಿಸಿದವರು ನಮ್ಮತ್ತೆ.

ಅತ್ತೆಗೆ ಎಂಬತ್ತರ ಮೇಲಾಗಿದೆ. ಕಣ್ಣು ಮಂಜು, ಮಂಡಿ ಇಲ್ಲ, ಗಂಟಲು ಮಾತ್ರ ಹೊಸದರಂತಿದೆ. ಒಂದು ಕಾಲಕ್ಕೆ ಸಿಂಧಘಟ್ಟದ ಜಗಲಿಯ ಮೇಲೆ ನಿಂತು ಕೂಗಿದರೆ ಪಂಪ್‌ಸೆಟ್ಟಿನ ಹತ್ತಿರ ಇದ್ದವರು ಮೋಟರು ಆಫ್ ಮಾಡಿ ಓಡಿಬರುತ್ತಿದ್ದರು. ಒಂದು ಬೆಳಿಗ್ಗೆ ನಾನು ಮೈಕಿನ ಮುಂದೆ ಪಿಸುಗುಡುವುದನ್ನು ನೋಡಿ ನೋಡಿ ಅವರಿಗೆ ತಡೆಯಲಾಗಲಿಲ್ಲ.

“ಅದೇನಮ್ಮಿ ಅದು, ಕಿವಿಗೆ ಮಂತ್ರ ಊದ್ದಂಗೆ ಊದ್ತಾ ಕುಂತಿದ್ದೀಯೆ? ಏನನ್ಬೇಕು ಅದ್ಕೆ?”

“ಕ್ಲಿಕ್ ಫೈಲ್ ಅಂತ...”

“ಕ್ಲಿಕ್ ಫೈಲ್!” ಅಂದರು ನೋಡಿ, ಕೂತಲ್ಲಿಂದಲೇ. ಮೆನು ಬೆದರಿಕೊಂಡು ಕೆಳಗೆ ಬಿತ್ತು.

ಅಲ್ಲಿಂದ ನಮ್ಮ ಮನೆಯಲ್ಲಿ ಹೊಸ ಏರ್ಪಾಡು. ನಾನು ಮೇಜಿನ ಮುಂದೆ ಕೂತು, “ಕೆಳಗಡೆ ವಸಿ ಸರಿದಿದ್ರೆ...” ಅನ್ನುತ್ತಾ ಮೆಲ್ಲಗೆ ಆ ಇಂಗ್ಲಿಷ್ ಮಾತು ಹೇಳಿಕೊಡುವುದು. ಅತ್ತೆ ದಿವಾನದಿಂದ “ಸ್ಕ್ರೋಲ್ ಡೌನ್!” ಅನ್ನುವುದು. ಟಿವಿಯಲ್ಲಿ ಕ್ರಿಕೆಟ್ಟು ನೋಡಿ ನೋಡಿ ಅವರಿಗೆ ಇಂಗ್ಲಿಷ್ ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು. ನಾನು ನಂಬರು ಅಂದರೆ ಸಾಕು, ಅಂಪೈರಿಗಿಂತ ಗಟ್ಟಿಯಾಗಿ ಕೂಗುವರು. ಹೂ ಮಾರುವವಳು ಬಾಗಿಲಲ್ಲಿ ಬುಟ್ಟಿ ಇಳಿಸಿ, “ಅಜ್ಜೀಗೆ ಏನಾಗದೆ ಅಕ್ಕಾ, ಇಂಗ್ಲೀಸ್‌ನಾಗೆ ಬಯ್ತಾವ್ರೆ?” ಅಂತ ಕೇಳಿದಳು. ಅತ್ತೆಗೆ ಏನು ಖುಷಿ! ಕಾರ್ಡಿನಲ್ಲಿರುವ ಮನೆಗಳ ಪುರಾಣವನ್ನೂ ಜೊತೆಗೇ ಹೇಳುವರು. ಯಾರ ಅಜ್ಜ ಯಾರ ಎತ್ತು ಹೊಡೆದುಕೊಂಡು ಬಂದಿದ್ದ, ಯಾರ ಮದುವೆಯಲ್ಲಿ ಸಾರು ಸಾಲದೆ ಬೀಗರು ಮುನಿಸಿಕೊಂಡಿದ್ದರು, ಎಲ್ಲ. ನಾವಿಬ್ಬರೂ ಅಷ್ಟು ನಕ್ಕಿದ್ದು ನಾನು ಆ ಮನೆಗೆ ಬಂದ ಮೇಲೆ ಅದೇ ಮೊದಲು.

ಒಂದು ದಿನ ನಾನು ಸುಮ್ಮನೆ, “ಈ ಗಂಟ್ಲು ಎಲ್ರಿಗೂ ಬರಲ್ಲ,” ಅಂದೆ, ಕಿಟಕಿಯ ಕಡೆ ನೋಡಿಕೊಂಡು.

“ನಂಗೂ ಉಟ್ತಾನೆ ಬಂದಿದ್ದಲ್ಲ ಕಣಮ್ಮಿ ಇದು,” ಅಂದರು ಅತ್ತೆ. “ನಮ್ಮತ್ತೆ ಇರೋಗಂಟ ನಾನೂ ಒಳ್ಕಲ್ಲಿಗೇ ಯೋಳ್ತಿದ್ದೆ. ಆಯಮ್ಮ ತೀರ್ಕಂಡ್ ಮ್ಯಾಕೆ ಒಂದಿನ ಆಳು ಕರ್ಯಕ್ಕೆ ಬಾಯ್ ಬುಟ್ಟೆ. ನಂಗೇ ಎದ್ರಿಕೆ ಆಗೋಯ್ತು, ಯಾರೋ ಬೇರೆಯೋರು ಕೂಗ್ದಂಗೆ.”

ಅದನ್ನು ಕೇಳಿದ ಮೇಲೆ ನನಗೆ ಎಷ್ಟೋ ಹೊತ್ತು ಕೆಲಸ ಓಡಲಿಲ್ಲ. ಹಾಗಾದರೆ ಈ ಮನೆಯಲ್ಲಿ ದನಿ ಅನ್ನುವುದು ಬೀಗದ ಕೈ ಇದ್ದ ಹಾಗೆ, ಒಬ್ಬರ ಸೊಂಟದಿಂದ ಇನ್ನೊಬ್ಬರ ಸೊಂಟಕ್ಕೆ ಬರುವಂಥದ್ದು. ನನ್ನ ಸರದಿ ಬರಬೇಕಾದರೆ ಎಲೆ ಅಡಿಕೆ ಮೆಲ್ಲುತ್ತಾ ನನಗಾಗಿ ಕೂಗುತ್ತಿರುವ ಈ ಮುದುಕಿ ಹೋಗಬೇಕು. ಥೂ, ಅಂಥ ಸರದಿ ಯಾರಿಗೆ ಬೇಕು? ಹಾಗಂತ ನನಗೆ ದನಿ ಬೇಡವೇ? ಎರಡೂ ಯೋಚನೆ ಒಟ್ಟೊಟ್ಟಿಗೆ ಬಂದು ಬಾಯೆಲ್ಲ ಕಹಿಯಾಯಿತು.

ಯುಗಾದಿ ಆದ ಮೇಲೆ ಅತ್ತೆ ಎಂದಿನಂತೆ ನಾದಿನಿಯ ಮನೆಗೆ ನಾಗಮಂಗಲಕ್ಕೆ ಹೊರಟರು. ಪ್ರತಿ ವರ್ಷ ಮಗಳ ಮನೆಯಲ್ಲಿ ಒಂದಷ್ಟು ದಿನ ಇದ್ದು ಬರುವುದು ಅವರ ರೂಢಿ. ಲಗ್ನದ ಕಾಲ, ಕಾರ್ಡುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಹಜಾರದಲ್ಲಿ ನಾನು, ಮೈಕು, ಮಲಗಿದ ಗೆರೆ. ಒಂದು ಕಿಟಕಿ ತೆರೆಯುವಷ್ಟರಲ್ಲಿ ಕಾಫಿ ಆರಿಹೋಗುತ್ತಿತ್ತು. ಊದಿದ ಬೆರಳಿನಿಂದ ಮೌಸು ಒತ್ತಿದರೆ ಭುಜದವರೆಗೂ ನೋವು. ಒಂದು ಬೆಳಿಗ್ಗೆ ಯಜಮಾನರು ಕಾಫಿ ಕುಡಿಯುತ್ತಾ ಅಲ್ಲೇ ಕೂತಿದ್ದರು. ಅತ್ತೆ ಬರುವವರೆಗೆ ಇವರಾದರೂ ಪಕ್ಕದಲ್ಲಿ ಕೂತು ನಾಲ್ಕು ಮಾತು ಕೂಗಿಕೊಡಬಾರದೇ ಅನ್ನಿಸಿತು. ಎದ್ದು ಕ್ಯಾಲೆಂಡರಿನ ಮುಂದೆ ಹೋಗಿ ನಿಂತೆ.

“ಕೈ ಬಿದ್ದೋದೋರಿಗೆ ಯಾಕಪ್ಪಾ ಈ ಉಸಾಬರಿ,” ಅಂದೆ. ನಿಟ್ಟುಸಿರನ್ನೂ ಬಿಟ್ಟೆ.

ಅವರು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ಆ ನೋಟದಲ್ಲಿ ಎಷ್ಟು ಕನಿಕರವಿತ್ತು ಅಂದರೆ, ಆಹಾ, ತಲುಪಿತು ಅಂದುಕೊಂಡೆ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಆಮೇಲೆ ಕಾರ್ಡು ಬರುವುದು ನಿಂತುಹೋಯಿತು.

ಮೊದಲ ಎರಡು ಮೂರು ದಿನ, ಅಂಗಡಿಯಲ್ಲಿ ರಶ್ಶು ಇರಬೇಕು ಅಂದುಕೊಂಡೆ. ವಾರವಾಯಿತು. ಅಂಗಡಿಗೇ ಹೋಗಿ ‘ಯಾಕೆ ಕಳಿಸ್ತಿಲ್ಲ’ ಅಂತ ಕೇಳಬಹುದಿತ್ತು. ಕೇಳುವುದು ಅಂದರೇನು ಅಂತ ನನಗೆ ಗೊತ್ತಿದ್ದರೆ ತಾನೇ? ರಂಜಾನ್ ಹಬ್ಬದ ದಿನ ಶಬಾನಾ ಎಂದಿನ ಹಾಗೆ ಸ್ಟೀಲ್ ಡಬ್ಬಿಯಲ್ಲಿ ಶಾವಿಗೆಯ ಶೀರ್ ಕುರ್ಮ ತಂದಳು. ನಾನು ಕಿಟಕಿಯಾಚೆ ನೋಡುತ್ತಾ, “ಈ ವರ್ಷ ಲಗ್ನ ಭಾಳ ಜೋರಂತೆ,” ಅಂದೆ.

“ಜೋರು ಅಕ್ಕಾ, ಉಸಿರಾಡೋಕೆ ಬಿಡ್ತಿಲ್ಲ.” ಅವಳು ಡಬ್ಬಿಯ ಮುಚ್ಚಳವನ್ನೇ ತಿರುಗಿಸುತ್ತಿದ್ದಳು. ಆಮೇಲೆ ನನ್ನ ಕೈ ಮೇಲೆ ಕೈ ಇಟ್ಟು, “ನೀವು ಆರಾಮಾಗಿರಿ ಅಕ್ಕಾ. ಎಷ್ಟು ವರ್ಷ ದುಡಿದಿದ್ದೀರಾ,” ಅಂದಳು.

ಓಹೋ, ನನ್ನನ್ನು ಬಿಟ್ಟುಬಿಟ್ಟಳು ಅಂತ ಖಾತ್ರಿಯಾಯಿತು. ಆ ಡಬ್ಬಿಯನ್ನು ಮುಚ್ಚಿದ ಹಾಗೇ ಎತ್ತಿಟ್ಟೆ. ಬೇರೆ ಯಾರೋ ಬೆರಳು ನೆಟ್ಟಗಿರುವ ಹುಡುಗಿ ಸಿಕ್ಕಿರಬೇಕು. ತಪ್ಪೇನು? ಮದುವೆ ಮನೆಯವರು ನನ್ನ ಗಂಟಲು ಸರಿಹೋಗಲಿ ಅಂತ ಮುಹೂರ್ತ ಮುಂದಕ್ಕೆ ಹಾಕುತ್ತಾರೆಯೇ? ಹೀಗೆಲ್ಲ ಸಮಾಧಾನ ಮಾಡಿಕೊಂಡು ಕಂಪ್ಯೂಟರಿಗೆ ಹಳೆಯ ಪಂಚೆ ಹೊದಿಸಿದೆ. ಹೊದಿಸಿದವಳು ಅದರ ಮುಂದೆಯೇ ಕೂತಿದ್ದೆ. ಯಜಮಾನರು ಗೊಬ್ಬರದ ಅಂಗಡಿಗೆ ಹೋದರೆ ಮನೆಯಲ್ಲಿ ನಾನೊಬ್ಬಳೇ. ಒಂದು ಮಧ್ಯಾಹ್ನ ಎಲ್ಲಿತ್ತೋ ಸಿಟ್ಟು, ಶಬಾನಾ ಮೇಲೆ, ಬೆರಳಿನ ಮೇಲೆ, ಆ ತೆಪ್ಪಗೆ ಕೂತ ಮಿಷನ್ನಿನ ಮೇಲೆ, ಎಲ್ಲ ಸೇರಿ ಬಂತು. ಪಂಚೆ ಕಿತ್ತು ಬಿಸಾಕಿ, ಮೊಣಕೈಯಿಂದ ಸ್ವಿಚ್ಚು ಹಾಕಿ, ಅದು ಎಚ್ಚರವಾಗುವವರೆಗೆ ಕಾದು ಕೂಗಿದೆ.

“ಕ್ಲಿಕ್ ಫೈಲ್!”

ಮೆನು ಇಳಿಯಿತು. ಗೆರೆ ತುದಿಯವರೆಗೂ ಜಿಗಿದಿತ್ತು. “ಕ್ಲೋಸ್!” ಮುಚ್ಚಿತು. “ಮ್ಯಾಕ್ಸಿಮೈಜ್! ಸ್ಕ್ರೋಲ್ ಡೌನ್! ಶೋ ನಂಬರ್ಸ್!” ಹಾಳಾಗಿ ಹೋಗಲಿ ಅಂತ ಕೂಗಿದೆ, ಕಣ್ಣಲ್ಲಿ ನೀರು ಬರುವವರೆಗೂ ಕೂಗಿದೆ. ಅದು ಪಾಪ, ಹೇಳಿದ್ದೆಲ್ಲ ಮಾಡಿತು. ಹಜಾರ ಖಾಲಿ ಇತ್ತು, ಸುಮ್ಮನಾಗುವವರು ಯಾರೂ ಇರಲಿಲ್ಲ. ದಿನಾ ಮಧ್ಯಾಹ್ನ ಅದೇ ಕೆಲಸವಾಯಿತು. ಹಳೆಯ ಕಾರ್ಡುಗಳನ್ನೇ ತೆರೆದು, ಯಾವತ್ತೋ ಮದುವೆಯಾಗಿ ಮಕ್ಕಳಾದವರ ಹೆಸರುಗಳನ್ನು ಅತ್ತಿಂದಿತ್ತ ಸರಿಸಿ, ಅಂಚು ಬದಲಿಸಿ, ಮುಚ್ಚಿ, ಯಜಮಾನರು ಬರುವಷ್ಟರಲ್ಲಿ ಮತ್ತೆ ಪಂಚೆ ಹೊದಿಸಿಬಿಡುತ್ತಿದ್ದೆ. ದನಿ ಬಂದಿತ್ತು, ಕೈಯಲ್ಲಿ ಒಂದು ಕಾರ್ಡಿರಲಿಲ್ಲ. ಇಂಥ ಪರಿಸ್ಥಿತಿಗೆ ನಗಬೇಕೋ ಅಳಬೇಕೋ ನೀವೇ ಹೇಳಿ.

ಅತ್ತೆ ನಾಗಮಂಗಲದಿಂದ ಬಂದಿಳಿದದ್ದು ಒಂದು ಸೋಮವಾರ. ಬಂದವರೇ ದಿವಾನದ ಮೇಲೆ ಕಾಲು ಚಾಚಿ ಹಜಾರವನ್ನೊಂದು ಸುತ್ತು ನೋಡಿದರು. ಯಜಮಾನರು ಊಟಕ್ಕೆ ಕೂತಿದ್ದರು.

“ಯಾಕಮ್ಮಿ, ಮಿಷನ್ನು ಮುಸುಕಾಕ್ಕಂಡ್ ಕುಂತದೆ? ಲಗ್ನದ ಕಾಲದಲ್ಲೂ ಕೆಲ್ಸ ಇಲ್ವಾ?”

ನಾನು ಸಾರಿನ ಪಾತ್ರೆಗೆ ಹೇಳಿದೆ, “ಕೈಲಾಗದೋರಿಗೆ ಯಾರು ಕೊಡ್ತಾರೆ.”

ಯಜಮಾನರ ಕೈ ತಟ್ಟೆಯಲ್ಲೇ ನಿಂತಿತು. “ಯಾರು ಕೊಡ್ತಾರೆ ಅಂದ್ರೆ? ನೀನೇ ಬ್ಯಾಡ ಅಂದ್ಯಲ್ಲ.”

“ನಾನಾ?”

“ಅವತ್ತು ಕ್ಯಾಲೆಂಡ್ರು ಮುಂದೆ ನಿಂತ್ಕಂಡು ಅಂದೆ. ಕೈ ಬಿದ್ದೋದೋರಿಗೆ ಯಾಕೆ ಉಸಾಬರಿ ಅಂತ. ಪಾಪ, ಶಬಾನಂಗೆ ಬಾಯ್ಬುಟ್ಟು ಯೋಳಕ್ಕೆ ಸಂಕೋಚ ಪಡ್ತಾವ್ಳೆ ಅಂದ್ಕಂಡು ನಾನೇ ಓಗಿ ಯೋಳ್ಬಂದೆ, ಇನ್ನು ಕಳಿಸ್ಬ್ಯಾಡ ಕಣವ್ವ, ಅವ್ಳಿಗೆ ಆಯ್ತಾ ಇಲ್ಲ ಅಂತ.”

ಅವರ ಮುಖದಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ನಾನು ಹೇಳಿದ್ದನ್ನು ತಲೆಯ ಮೇಲೆ ಹೊತ್ತು ಮಾಡಿಕೊಟ್ಟು, ಅದಕ್ಕೊಂದು ಮೆಚ್ಚುಗೆಯ ನೋಟವೂ ಸಿಗಲಿಲ್ಲವಲ್ಲ ಅಂತ ಇಷ್ಟು ದಿನ ಕಾದಿದ್ದ ಮುಖ ಅದು. ಶಬಾನಾ ನನ್ನನ್ನು ಬಿಟ್ಟಿರಲಿಲ್ಲ. ನಾನೇ ಅವಳನ್ನು ಬಿಟ್ಟೆ ಅಂತ ತಿಳಿದು, ಅದನ್ನು ನನ್ನೆದುರಿಗೆ ಆಡಲಾರದೆ, ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತಿದ್ದಳು. ಮೂರು ಜನ, ಒಬ್ಬರ ಮೇಲೊಬ್ಬರಿಗೆ ಅಷ್ಟು ಪ್ರೀತಿ, ಒಬ್ಬರೂ ಒಂದು ಮಾತು ಕೇಳಲಿಲ್ಲ.

ನನಗೆ ಗೋಡೆ ಬೇಕಾಗಲಿಲ್ಲ, ಕಂಬ ಬೇಕಾಗಲಿಲ್ಲ. ನೆಟ್ಟಗೆ ಅವರ ಮುಖ ನೋಡಿ ಹೇಳಿದೆ. “ನಾನು ಬುಡ್ತೀನಿ ಅಂದಿರ್ಲಿಲ್ಲ. ನಂಗೆ ಆ ಕೆಲಸ ಬೇಕು. ಶಬಾನಾಗೆ ಫೋನ್ ಮಾಡಿ.”

ಹಜಾರ ಸುಮ್ಮನಾಯಿತು. ಹಳೆಯ ಆ ಸುಮ್ಮನಾಗುವಿಕೆಯೇ. ಆದರೂ ನಾನು ಕಣ್ಣು ತೆಗೆಯಲಿಲ್ಲ. ಅವರು ಮುದ್ದೆಯ ಕೈಯನ್ನು ಹಾಗೇ ಎತ್ತಿಹಿಡಿದುಕೊಂಡು ಎಡಗೈಯಲ್ಲಿ ಫೋನ್ ಮಾಡಿ ನನ್ನ ಕಿವಿಗೆ ಹಿಡಿದರು.

“ಶಬಾನಾ, ನಾನು ಕೆಲಸ ಬಿಟ್ಟಿಲ್ಲ. ನನಗೆ ಕಾರ್ಡು ಕಳಿಸು.”

ಆ ಕಡೆಯಿಂದ, “ಯಾ ಅಲ್ಲಾ! ಪದ್ಮಕ್ಕಾ, ಇಲ್ಲಿ ನಾಗಮಂಗಲದೋರು ದುಂಡುಗೇ ಬೇಕು ಅಂತ ಪ್ರಾಣ ತಿಂತಾವ್ರೆ, ನಂಗೆ ಅದು ಬರ್ತಾ ಇಲ್ಲ. ಈಗ್ಲೇ ಕಳಿಸ್ಲಾ?” ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ.

“ಈಗ್ಲೇ ಕಳ್ಸು,” ಅಂದೆ.

ಅತ್ತೆ ಬಾಯಲ್ಲಿದ್ದ ಎಲೆಯನ್ನು ಮೆಲ್ಲುವುದು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಮತ್ತೆ ಮೆಲ್ಲತೊಡಗಿದರು.

ಯಜಮಾನರು ಕೈ ತೊಳೆದು ಬಂದು ಬಾಗಿಲಲ್ಲಿ ನಿಂತರು. ಅವರ ಮುಖ ಸಪ್ಪಗಾಗಿತ್ತು. “ಇಂಗೆ ಮೊದ್ಲೇ ಯೋಳ್ಬಾರ್ದಾಗಿತ್ತೇನೇ?” ಅಂದರು. “ನೀನು ಕ್ಯಾಲೆಂಡ್ರು ಮುಂದೆ ನಿಂತ್ರೆ ಸಾಕು, ಇವ್ಳಿಗೆ ಏನು ಬೇಕೋ, ನಾನೆಲ್ಲಿ ತಪ್ಪು ತಿಳ್ಕತೀನೋ ಅಂತ ನಂಗೆ ರಾತ್ರಿಯೆಲ್ಲ ನಿದ್ದೆ ಬರ್ತಿರ್ಲಿಲ್ಲ. ಒಂದೊಂದು ಸಲ ಸರಿ ಓಗೋದು. ಎಷ್ಟು ಸಲ ತಪ್ಪಿದ್ದೀನೋ, ಅದ್ನೂ ನೀನು ಯೋಳಿಲ್ಲ.”

ಪಂಡಿತರು ಅಂತ ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು. ಅವರು ಇಷ್ಟು ವರ್ಷ ಪರೀಕ್ಷೆಗೆ ಕೂತ ಹುಡುಗನ ಹಾಗೆ ಬದುಕಿದ್ದರು ಅಂತ ನನಗೆ ಹೊಳೆದೇ ಇರಲಿಲ್ಲ. ತಪ್ಪಿದ್ದು ಎಷ್ಟೋ ಸಲ. ಒಂದೊಂದೂ ನನಗೆ ನೆನಪಿದೆ.

ಅವರು ಚಪ್ಪಲಿ ಮೆಟ್ಟಿಕೊಂಡು ಬೈಕಿನ ಕೀಲಿಗೆ ಜೇಬು ತಡವುತ್ತಾ, “ಅಂಗ್ಡೀಲಿ ಲೋಡ್ ಬಂದು ನಿಂತದೆ. ಇನ್ನೇನಾರ ಅದಾ ಯೋಳದು? ಇದ್ರೆ ಯೋಳ್ಬುಡು,” ಅಂದರು.

“ಅದೆ,” ಅಂದೆ. “ಕೂತ್ಕೊಳ್ಳಿ.”

ಚಪ್ಪಲಿ ಬಿಟ್ಟು ಬಂದು ಕೂತರು.